ಒಲೆ ಬಿಟ್ಟು ಉಳಿದದ್ದೆಲ್ಲ

ಜನವರಿ 12, ಭಾನುವಾರ

ಇವತ್ತೂ ಮನೆಗಳ ಫೋಟೋ. ಇವರು ಮಂಗಳೂರಿಂದ ವಾಟ್ಸಾಪಿನಲ್ಲಿ ಕಳಿಸುತ್ತಲೇ ಇದ್ದಾರೆ. ಬಾತ್‌ರೂಮಿನ ನಲ್ಲಿ, ಕಿಟಕಿ, ಮತ್ತೊಂದು ಕಿಟಕಿ... ಅಡುಗೆಮನೆಯದ್ದು ಒಂದೂ ಇಲ್ಲ. ಗಂಡಸರು ಮನೆ ನೋಡುವುದೇ ಹೀಗೆ.

ಕೊನೆಗೆ ಬಿಜೈ ಹತ್ತಿರದ್ದು ಒಪ್ಪಿಗೆಯಾಯಿತು. ನೆಲಮಹಡಿ. ದೊಡ್ಡ ಆಸ್ಪತ್ರೆಗೆ ನಡೆದೇ ಹೋಗಬಹುದಂತೆ. ಹಿತ್ತಲಲ್ಲಿ ಪಪ್ಪಾಯಿ ಗಿಡ ಇದೆ. ಅದನ್ನು ಅತ್ತೆಗೆ ಹೇಳಬಾರದು. ಬಸುರಿಗೆ ಪಪ್ಪಾಯಿ ಎಂದರೆ ಸಾಕು, ಗಿಡ ಇದ್ದ ಊರಿಗೇ ಬೇಡ ಎಂದಾರು.

ಈ ಮನೆ ಬದಲಾವಣೆ ಶೋಕಿಗಲ್ಲ. ಶುಕ್ರವಾರದ ಸ್ಕ್ಯಾನಿಂಗಿನಲ್ಲಿ ಮಾಸು, ಅದೇ ಪ್ಲಾಸೆಂಟಾ, ಕೆಳಗಿದೆ ಎಂದು ಬಂತು. ಭಟ್ಕಳದ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬಿಡಿಸಿ ತೋರಿಸಿದರು. ಮಗು ಬರುವ ದಾರಿಗೆ ಮಾಸು ಅಡ್ಡ ಕೂತಿದೆ. ಯಾವತ್ತಾದರೂ ರಕ್ತ ಹೋಗಲು ಶುರುವಾದರೆ ಇಲ್ಲಿ ಕೈಲಾಗುವುದಿಲ್ಲ, ಎಳೆ ಮಗುವನ್ನು ಇಡುವ ಐಸಿಯು ಇದ್ದಲ್ಲಿಗೇ ಹೋಗಬೇಕು. "ನಿಮ್ಮ ಬೆಳಕೆ ಊರಿಂದ ಮಂಗಳೂರಿಗೆ ಎಷ್ಟು ಹೊತ್ತು ಅಂತ ನಿಮಗೇ ಗೊತ್ತಲ್ಲ ಕುಸುಮಾ. ಈಗ ಕಾರಲ್ಲಿ ನಿಧಾನ ಹೋಗ್ಲಿಕ್ಕೆ ತೊಂದರೆ ಇಲ್ಲ. ಆಸ್ಪತ್ರೆ ಹತ್ರ ಹೋಗಿ ಇದ್ದುಬಿಡಿ."

ಮದುವೆಯಾಗಿ ಒಂಬತ್ತು ವರ್ಷ. ಈಗ ಐದು ತಿಂಗಳು. ಇವರ ಕೆಲಸವೂ ಅಲ್ಲೇ, ಬೋಟ್ ಇಂಜಿನ್ನಿನ ಸರ್ವಿಸ್ ಸೆಂಟರಿನಲ್ಲಿ. ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಹೋಗುವ ಗಂಡ ಇನ್ನು ದಿನಾ ಸಂಜೆ ಮನೆಗೆ ಬರುತ್ತಾರೆ. ಖುಷಿಯೇ ಆಗಿದೆ, ಯಾಕೆ ಸುಳ್ಳು.

ಜನವರಿ 19, ಭಾನುವಾರ

ಖುಷಿಗೆ ಒಂದು ವಾರದ ಆಯಸ್ಸು.

ಇವರು ಊಟಕ್ಕೆ ಕೂತಾಗ ವಿಷಯ ತೆಗೆದರು. ಅತ್ತೆ ಬಂಗಡೆ ಸಾರು ಬಡಿಸುತ್ತಿದ್ದವರು ಸೌಟು ಪಾತ್ರೆಯಲ್ಲೇ ಬಿಟ್ಟರು.

"ಬಸುರಿ ಇದ್ದಾಗ ಮನೆ ಬದಲ್ಸೂದಾ? ಎಂತ ಹೇಳ್ತೆ ನೀನು ಯೋಗೇಶ?"

ಇವರು ಡಾಕ್ಟರು ಹೇಳಿದ್ದನ್ನು ಹೇಳಿದರು. ಅತ್ತೆ ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಳ್ಳದವರಲ್ಲ ಅವರು.

"ಡಾಕ್ಟರಿಗೆ ಹೊಟ್ಟೆ ಒಳಗಿಂದು ಗೊತ್ತು. ಹೊರಗಿಂದು ಗೊತ್ತಿಲ್ಲ. ಹೊಟ್ಟೆ ಹೊತ್ಕಂಡವಳು ಒಲೆ ಕದಲಿಸಬಾರದು ಮಗಾ."

ನಾನು ನಡುವೆ ಬಾಯಿ ಹಾಕಿದೆ. ಗ್ಯಾಸ್ ಒಲೆ ಅತ್ತೆ, ಅದು ದಿನಾ ಒರೆಸುವಾಗಲೇ ಕದಲುತ್ತದೆ ಎಂದೆ. ಇವರು ನಕ್ಕರು. ಅತ್ತೆ ನಗಲಿಲ್ಲ. ಎದ್ದು ಹೊರಗೆ ಹೋದರು.

ಸಂಜೆ ಅವರೇ ಬಂದು ಪಕ್ಕದಲ್ಲಿ ಕೂತರು. ನನ್ನ ಕಾಲು ಒತ್ತುತ್ತ ಹೇಳಿದರು. "ನಂಗೆ ಮೊದಲಿಂದು ಹೆಣ್ಣು. ಸಮುದ್ರ ಬಾಗಿಲಿಗೆ ಬಂತು ಹೇಳಿ ಹಳೇ ಮನೆ ಬಿಟ್ಟು ಈ ಜಾಗಕ್ಕೆ ಬಂದದ್ದು. ಏಳು ತಿಂಗಳು ನಂಗೆ. ಒಲೆಕಲ್ಲು ನಾನೇ ಹೊತ್ತೆ. ಬಂದ ವಾರದಲ್ಲೇ ಹೋತು. ಯಾರಿಗೂ ಹೇಳಿದ್ದಲ್ಲ ತಂಗಿ, ಯೋಗೇಶನಿಗೂ ಗೊತ್ತಿಲ್ಲ."

ಜಗಳ ಆಡುವವರಾಗಿದ್ದರೆ ಸುಲಭವಿತ್ತು.

ಜನವರಿ 26, ಭಾನುವಾರ

ದೇವರ ಹತ್ತಿರ ಪ್ರಸಾದ ಕೇಳುವುದು ಎಂದು ತೀರ್ಮಾನ. ಇವರದೇ ಸಲಹೆ. ಅಮ್ಮನಿಗೂ ಬೇಸರವಾಗಬಾರದು, ಹೆಂಡತಿಗೂ. ಎರಡು ದೋಣಿಯಲ್ಲಿ ಕಾಲಿಟ್ಟು ಅಭ್ಯಾಸ, ದೋಣಿ ಇಂಜಿನ್ ರಿಪೇರಿಯವರಲ್ಲವೇ.

ಬೆಳಿಗ್ಗೆ ಮೂವರೂ ಹೋದೆವು. ಪಕ್ಕದ ಮನೆ ಅನೂಪನ ಕಾರು. ಭಟ್ಟರು ದಾಸವಾಳದ ಎಸಳು ನೀರಲ್ಲಿ ಅದ್ದಿ ದೇವರ ಮೈಗೆ ಎರಡೂ ಬದಿ ಅಂಟಿಸಿದರು. ಅತ್ತೆ ಕೇಳಿಕೊಂಡರು — ಸೊಸೆಯನ್ನು ಈಗಲೇ ಮಂಗಳೂರಿನ ಮನೆಗೆ ಕರಕೊಂಡು ಹೋಗಬಹುದಾದರೆ ಬಲಗಡೆಯದು ಕೊಡು. ಗರ್ಭಗುಡಿಯಲ್ಲಿ ಎಣ್ಣೆ ದೀಪ ಒಂದೇ. ಎಷ್ಟೋ ಹೊತ್ತು ಏನೂ ಆಗಲಿಲ್ಲ. ನನ್ನ ಸೊಂಟ ನೋಯುತ್ತಿತ್ತು. ಮನಸ್ಸಿನಲ್ಲೇ ಬಲಗಡೆ, ಬಲಗಡೆ ಎನ್ನುತ್ತಿದ್ದೆ.

ಎಡಗಡೆಯದು ಜಾರಿತು.

ಇದನ್ನೆಲ್ಲ ನಂಬುವುದಿಲ್ಲ ಎಂದು ಕೆಲಸಕ್ಕಿದ್ದ ಸಹಕಾರಿ ಸೊಸೈಟಿಯ ಕೌಂಟರಿನಲ್ಲಿ ಕೂತು ಭಾಷಣ ಮಾಡುತ್ತಿದ್ದವಳು ನಾನೇ. ಎಸಳು ಬಿದ್ದಾಗ ನಾನೂ ಕೈ ಮುಗಿದೆ. ಈಗ ಹೋದರೆ, ಹೋಗಿ ಏನಾದರೂ ಆದರೆ? ಆಮೇಲೆ ಜೀವಮಾನವಿಡೀ ಆ ಎಸಳು ಕಣ್ಣೆದುರು ಇರುತ್ತದಲ್ಲ. ಹೆದರಿಕೆ ಅತ್ತೆಗೆ ಮಾತ್ರ ಅಲ್ಲ.

ಫೆಬ್ರುವರಿ 2, ಭಾನುವಾರ

ದಾರಿ ಸಿಕ್ಕಿತಂತೆ. ಅತ್ತೆಯೇ ಹುಡುಕಿದ್ದು.

ಏಳನೇ ತಿಂಗಳಲ್ಲಿ ಹೂ ಮುಡಿಸಿದ ಮೇಲೆ ಬಸುರಿ ತವರಿಗೆ ಹೋಗುವುದು ಪದ್ಧತಿ. ಹಾಗೆ ಹೋದರೆ ಅದು ತವರಿಗೆ ಹೋದ ಲೆಕ್ಕ, ಮನೆ ಬದಲಿಸಿದ ಲೆಕ್ಕ ಅಲ್ಲ. ತದಡಿಯಿಂದ ನನ್ನ ಅಣ್ಣ ರಾಜೀವ ಬಂದು ಕರೆದೊಯ್ಯಬೇಕು. ತದಡಿಗಲ್ಲ, ನೇರ ಮಂಗಳೂರಿಗೆ. ದೇವರ ಕಣ್ಣಿಗೆ ತವರು, ಡಾಕ್ಟರ ಕಣ್ಣಿಗೆ ಆಸ್ಪತ್ರೆ. ಮಾರ್ಚ್ ಹನ್ನೆರಡು, ಬುಧವಾರ ಒಳ್ಳೆಯ ದಿನವಂತೆ.

ಮೂವರೂ ಇನ್ನು ಅಲ್ಲೇ ಇರುವುದಾದ್ದರಿಂದ ಅಷ್ಟರೊಳಗೆ ಮನೆಯ ಸಾಮಾನೆಲ್ಲ ಹೋಗಬಹುದು. ಒಲೆ ಮತ್ತು ಅನ್ನದ ಪಾತ್ರೆ ಮಾತ್ರ ನಾನಿರುವಲ್ಲಿಯೇ ಇರಬೇಕು. ಒಲೆ ಇದ್ದಲ್ಲಿ ಮನೆ.

ಡಾಕ್ಟರಮ್ಮನಿಗೆ ಫೋನು ಮಾಡಿದೆ. "ನಾನು ಹೇಳೋದು ಹೇಳಿಯಾಗಿದೆ" ಎಂದರು. ಅವರ ಸಿಟ್ಟು ನ್ಯಾಯವೇ. ಆದರೂ ಮನೆಯಲ್ಲಿ ಆತು ಎಂದುಬಿಟ್ಟೆ. ಎಲ್ಲರೂ ಇಷ್ಟು ಸಮಾಧಾನದಲ್ಲಿರುವಾಗ ಒಬ್ಬಳೇ ಕೂಗಾಡುವುದು ಹೇಗೆ?

ಫೆಬ್ರುವರಿ 9, ಭಾನುವಾರ

ಟೆಂಪೊ ಬಂತು. ಮಂಚ, ಕಪಾಟು, ಫ್ರಿಜ್, ಹೊಲಿಗೆ ಮೆಷಿನ್, ಟೀವಿ ಎಲ್ಲ ಹೋಯಿತು. ನನ್ನನ್ನು ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಕೊನೆಗೆ ಆ ಕುರ್ಚಿಯನ್ನೂ ಕೇಳಿದರು, ಎದ್ದು ಕೊಟ್ಟೆ.

ಎದುರುಮನೆ ಬೊಮ್ಮಿ ಬಂದು, ಹಾಗಾರೆ ನೀವು ಹೋದ್ರಾ ಎಂದು ಕೇಳಿದಳು. ಹೌದು, ನಾನೊಬ್ಬಳು ಬಿಟ್ಟು ಉಳಿದವರೆಲ್ಲ ಹೋದೆವು ಎಂದೆ. ಅವಳಿಗೆ ತಮಾಷೆ ಅನಿಸಿತು.

ಫೆಬ್ರುವರಿ 14, ಶುಕ್ರವಾರ

ಕೋಣೆಗಳಲ್ಲಿ ಮಾತಾಡಿದರೆ ತಿರುಗಿ ಕೇಳುತ್ತದೆ. ಕೆಮ್ಮಿದರೂ ಯಾರೋ ಒಳಗಿದ್ದ ಹಾಗೆ. ಎರಡು ಚಾಪೆ, ಎರಡು ತಟ್ಟೆ, ಒಲೆ, ಸಿಲಿಂಡರ್, ಅನ್ನದ ಪಾತ್ರೆ. ನೆಲದಿಂದ ಏಳುವುದು ಕಷ್ಟ. ಅತ್ತೆ ಕೈ ಕೊಟ್ಟು ಎಬ್ಬಿಸುತ್ತಾರೆ. ಅವರ ಮಂಡಿಯೂ ಕಟಕಟ ಎನ್ನುತ್ತದೆ.

ಇವರು ಅಲ್ಲಿ ಫ್ರಿಜ್ ಇದ್ದೂ ಹೋಟೆಲ್ ಊಟ. ಹಾಲು ಉಕ್ಕಿಸದ ಮನೆಯಲ್ಲಿ ಅಡುಗೆ ಮಾಡುವಂತಿಲ್ಲ. ನಾವು ಇಲ್ಲಿ ಒಲೆ ಇದ್ದೂ ಹಾಲು ಇಡಲು ಫ್ರಿಜ್ ಇಲ್ಲ. ಮೂರು ಜನ, ಎರಡು ಅರ್ಧ ಮನೆ.

ಮಗು ಚೆನ್ನಾಗಿ ಒದೆಯುತ್ತಿದೆ. ಅದಕ್ಕೆ ಇದೆಲ್ಲ ಗೊತ್ತಿಲ್ಲ, ಪುಣ್ಯ.

ಫೆಬ್ರುವರಿ 27, ಗುರುವಾರ

ಬೆಳಿಗ್ಗೆ ಬಟ್ಟೆಯಲ್ಲಿ ಸ್ವಲ್ಪ ಕೆಂಪು. ಕುಂಕುಮದ ಬೊಟ್ಟಿನಷ್ಟು. ಡಾಕ್ಟರಮ್ಮ ಪರೀಕ್ಷೆ ಮಾಡಿ ಇಂಜೆಕ್ಷನ್ ಕೊಟ್ಟು, "ಇವತ್ತೇ ಹೊರಡಿ" ಎಂದರು. ಸಂಜೆಯ ಹೊತ್ತಿಗೆ ನಿಂತಿತು.

ಇವರಿಗೆ ಫೋನು ಮಾಡಿದೆ. "ನಾಳೆ ಬಂದು ಕರ್ಕಂಡು ಹೋಗ್ತೆ" ಎಂದರು. ಆಮೇಲೆ ಅತ್ತೆ ಫೋನು ತೆಗೆದುಕೊಂಡರು. ಹಿತ್ತಲಿಗೆ ಹೋಗಿ ಮಾತಾಡಿದರು. ಬಂದು ಹೇಳಿದರು, "ನಿಂತ್ತಲ್ಲ ತಂಗಿ. ಹೂ ಮುಡಿಸೂಕೆ ಇನ್ನೆರಡು ವಾರವೂ ಇಲ್ಲ. ಚಾಪೆ ಬಿಟ್ಟು ಏಳೂದು ಬ್ಯಾಡ, ನಾನೆಲ್ಲ ಮಾಡ್ತೆ."

ಮಾಡಿದರು ಕೂಡ. ತಲೆ ಬಾಚಿದರು, ಗಂಜಿ ಕುಡಿಸಿದರು. ಹಠ ಹಿಡಿಯಬೇಕಿತ್ತೇನೋ. ಯಾರ ಮೇಲೆ ಹಿಡಿಯಲಿ? ಅಮ್ಮ ಇದ್ದಿದ್ದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ.

ಮಾರ್ಚ್ 6, ಗುರುವಾರ. ಮಧ್ಯಾಹ್ನ

ಹಸಿರು ಸೀರೆ ಬಂತು. ಅಣ್ಣ ಕುಮಟಾದಿಂದ ತಂದು ಕೊಟ್ಟು ಹೋದ. ಮಲ್ಲಿಗೆ ಭಟ್ಕಳದ್ದೇ ಬೇಕು, ಬೇರೆ ಮುಡಿಸುವುದಿಲ್ಲ ಎಂದು ಅತ್ತೆ ಬೊಮ್ಮಿಗೆ ಹೇಳಿ ಇಟ್ಟಿದ್ದಾರೆ. ಬುಧವಾರ ಬೆಳಿಗ್ಗೆ ಹೂ, ಊಟ ಮುಗಿಸಿ ಹೊರಡುವುದು.

ಸೊಂಟ ಹಿಡಿದಿದೆ. ಚಾಪೆಯ ದೆಸೆಯಿಂದ ಇರಬೇಕು. ಅತ್ತೆ ಎಣ್ಣೆ ಬಿಸಿಗಿಟ್ಟಿದ್ದಾರೆ...

ಮಾರ್ಚ್ 21, ಶುಕ್ರವಾರ

ಬರೆಯಬೇಕು. ಬರೆಯದಿದ್ದರೆ ಬೇರೆಯವರು ಹೇಳಿದ್ದೇ ಉಳಿಯುತ್ತದೆ.

ಎಂಟನೇ ತಾರೀಕು, ಹೂ ಮುಡಿಸಲು ನಾಲ್ಕೇ ದಿನ ಇರುವಾಗ, ಶನಿವಾರ ಬೆಳಿಗ್ಗೆ ಎದ್ದು ನಿಂತಾಗ ರಕ್ತ. ಚಾಪೆ, ನೆಲ, ಎಲ್ಲ. ಅತ್ತೆ ಅನೂಪನನ್ನು ಕೂಗಿದ್ದು ಕೇಳಿಸಿತು. ಅವರು ಹಾಗೆ ಕೂಗಿದ್ದನ್ನು ಹಿಂದೆ ಕೇಳಿರಲಿಲ್ಲ. ಭಟ್ಕಳದಲ್ಲಿ ಡಾಕ್ಟರಮ್ಮ ಡ್ರಿಪ್ ಹಾಕಿ ಆಂಬ್ಯುಲೆನ್ಸಿಗೆ ಹತ್ತಿಸಿದರು. ಬೈಯಲಿಲ್ಲ. ಕುಂದಾಪುರದವರೆಗೆ ಅತ್ತೆಯ ಕೈ ಹಿಡಿದದ್ದು ನೆನಪಿದೆ. ಆಮೇಲೆ ಇಲ್ಲ.

ಹೆಣ್ಣು. ಅತ್ತಿತಂತೆ. ನನಗೆ ಎಚ್ಚರ ಇರಲಿಲ್ಲ. ಸಂಜೆಯವರೆಗೆ ಇತ್ತು. ಇವರು ಗಾಜಿನ ಆಚೆಯಿಂದ ನೋಡಿದರು. ನಾನು ನೋಡಲಿಲ್ಲ. ರಕ್ತ ತುಂಬ ಹೋಗಿತ್ತು, ಅದಕ್ಕೂ ನನಗೂ. ನಾನು ಉಳಿದೆ.

ಮರುದಿನ ನರ್ಸ್ ಒಬ್ಬಳು ಕೇಸ್ ಶೀಟ್ ನೋಡುತ್ತ ನಿಂತಳು. ಇವರು ವಿಳಾಸ ಬಿಜೈಯದ್ದು ಬರೆಸಿದ್ದರು. "ಇಲ್ಲೇ ಹಿಂದಿನ ರಸ್ತೆಯಲ್ಲಿ ಮನೆ ಇಟ್ಟುಕೊಂಡು ಇಷ್ಟು ತಡ ಮಾಡಿ ಬರ್ತಾರಾ?" ಎಂದಳು.

ಅತ್ತೆ ಗೋಡೆಯ ಕಡೆ ತಿರುಗಿದರು.

ಮಾರ್ಚ್ 23, ಭಾನುವಾರ

ಡಿಸ್ಚಾರ್ಜ್ ಆದ ದಿನ ಹಿಂದಿನ ರಸ್ತೆಗೆ ಹೋಗಿದ್ದರೆ ನನ್ನ ಮಂಚ ಇತ್ತು, ನನ್ನ ಹಾಸಿಗೆ ಇತ್ತು. ಹೋಗಲಿಲ್ಲ. ಹಾಲು ಉಕ್ಕಿಸದ ಮನೆಗೆ ಇಂಥ ಸ್ಥಿತಿಯಲ್ಲಿ ಕಾಲಿಡುವುದು ಹೇಗೆ ಎಂದು ಅಣ್ಣ ಕೇಳಿದ. ಈ ಬಾರಿ ಬೇಡ ಎಂದದ್ದು ಅತ್ತೆಯಲ್ಲ. ಹೊಲಿಗೆಯ ನೋವಿನಲ್ಲಿ ಅಷ್ಟು ದೂರ ಕಾರಿನಲ್ಲಿ ಬಂದು ಮತ್ತೆ ಇದೇ ನೆಲದ ಮೇಲೆ ಮಲಗಿದ್ದೇನೆ.

ಎದೆಹಾಲು ಬರುತ್ತಿದೆ. ಬಟ್ಟೆ ಕಟ್ಟಿದ್ದಾರೆ. ನಿಲ್ಲುತ್ತಿಲ್ಲ.

ಮಾರ್ಚ್ 30, ಭಾನುವಾರ

ಯುಗಾದಿ. ನಮಗಿಲ್ಲ.

ಇವರು ಬಂದಿದ್ದರು. ಗಡ್ಡ ಬಿಟ್ಟಿದ್ದಾರೆ. ಬಿಜೈ ಮನೆಯವರು ಕೇಳುತ್ತಿದ್ದಾರಂತೆ, ಇರುತ್ತೀರೋ ಬಿಡುತ್ತೀರೋ ಎಂದು. "ಎಂತ ಮಾಡೂದು ಕುಸುಮಾ? ಸಾಮಾನು ತಿರುಗಿ ತರೂದಾ, ನೀನೇ ಬತ್ಯಾ?"

ನಿಮಗೆ ಏನು ಬೇಕು ಎಂದು ಕೇಳಿದೆ. ನೀನು ಹೇಳಿದ ಹಾಗೆ ಎಂದರು. ಸಿಟ್ಟು ನೆತ್ತಿಗೇರಿತು. ನಾನು ಹೇಳಿದ ಹಾಗೆ! ಜನವರಿಯಲ್ಲಿ ಹೇಳಿದ್ದೆನಲ್ಲ. ಹಾಗೆಂದು ಕೂಗಿದೆ. ಇವರು ಅತ್ತರು. ಗಂಡಸು ಅಳುವುದನ್ನು ನೋಡಿ ಪಾಪ ಅನಿಸಬೇಕಿತ್ತು, ಅನಿಸಲಿಲ್ಲ. ಈಗ ಬರೆಯುವಾಗ ಸ್ವಲ್ಪ ಅನಿಸುತ್ತಿದೆ.

ಏಪ್ರಿಲ್ 4, ಶುಕ್ರವಾರ

ಬೊಮ್ಮಿ ಬಂದವಳು ಜಗಲಿಯಲ್ಲಿ ಅತ್ತೆಗೆ ಹೇಳುತ್ತಿದ್ದಳು. "ದುರ್ಗಮ್ಮ, ಇನ್ನು ಮನೆ ಬದಲ್ಸೂಕೆ ಎಂತ ಅಡ್ಡಿ? ಒಂದ್ಸಲ ಪ್ರಸಾದ ಕೇಳ್ಕಂಡು ಬನ್ನಿ."

ಅತ್ತೆಯ ಸ್ವರ ಕೇಳಿಸಿತು, ಬಹಳ ಸಣ್ಣಗೆ.

"ಕೇಳೂದಿಲ್ಲ. ಈಗ ಬಲಗಡೆ ಕೊಟ್ಟುಬಿಟ್ರೆ ನಾ ಎಂತ ಮಾಡ್ಲಿ?"

ಬೊಮ್ಮಿ ಎದ್ದು ಹೋದಳು. ನನಗೆ ಹೊರಗೆ ಹೋಗಿ ಅತ್ತೆಯ ಹತ್ತಿರ ಕೂರಬೇಕು ಅನಿಸಿತು. ಅವರ ಕುತ್ತಿಗೆ ಹಿಡಿದು ಅಲ್ಲಾಡಿಸಬೇಕು ಎಂದೂ ಅನಿಸಿತು. ಎರಡೂ ಮಾಡಲಿಲ್ಲ. ನೆಲದಿಂದ ಒಬ್ಬಳೇ ಏಳಲು ಈಗ ಕಷ್ಟವೇನಿಲ್ಲ. ಹೊಟ್ಟೆ ಇಲ್ಲವಲ್ಲ.

ಏಪ್ರಿಲ್ 6, ಭಾನುವಾರ

ಇವರ ಫೋನು ಎರಡು ಸಲ ಬಂತು. ಎತ್ತಲಿಲ್ಲ. ಇವತ್ತು ಹೇಳದಿದ್ದರೆ ಮನೆ ಬೇರೆಯವರಿಗೆ ಕೊಡುತ್ತಾರಂತೆ, ವಾಟ್ಸಾಪಿನಲ್ಲಿ ಬರೆದಿದ್ದಾರೆ.

ಅತ್ತೆ ಹೇಳಿದರು, "ಹೋಗು ತಂಗಿ. ನಾ ಇನ್ನು ತಡೆಯೂದಿಲ್ಲ."

ತಡೆಯುವುದಿಲ್ಲ. ದಿನ ನೋಡುವುದು ಬೇಡ, ಅಣ್ಣ ಬರುವುದು ಬೇಡ, ಯಾರನ್ನೂ ಕೇಳುವುದು ಬೇಡ. ಮಂಗಳೂರಿಗೇ ಹೋಗಲಿ, ಮುಂಬಯಿಗೇ ಹೋಗಲಿ. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಮನೆ. ಆ ಮನೆಯಲ್ಲಿ ಕೂತು ನಾನು ಇನ್ನು ಯಾವುದಕ್ಕೆ...

ಮತ್ತೆ ಫೋನು.