ನಾಲ್ಕು ಬೆರಳು ಬಟ್ಟೆ

ಮನೆ, ಹೊಲಿಗೆ ಮಿಷನ್ನಿನ ಪಕ್ಕದಿಂದ
ನವೆಂಬರ್ ೧೪, ಗುರುವಾರ

ಹಡಗಿನ ಹೊಟ್ಟೆಯೊಳಗೆ ಕೂತಿರುವ ನನ್ನ ಯಜಮಾನರಿಗೆ, ಪ್ರೀತಿಯಿಂದ,

ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆ ಆಯಿತಾ? ಎಂಜಿನ್ ರೂಮಿನಿಂದ ಬೆವರಿಕೊಂಡು ಬಂದು ಹಾಗೇ ಮೇಲೆ ಹೋಗಿ ಗಾಳಿಗೆ ನಿಲ್ಲಬೇಡಿ ಅಂತ ಸಾವಿರ ಸಲ ಹೇಳಿದ್ದೇನೆ, ನೀವು ಕೇಳುವ ಪೈಕಿ ಅಲ್ಲ. ಇಲ್ಲಿ ನಿಮ್ಮ ಅಮ್ಮ ಆರೋಗ್ಯವಾಗಿದ್ದಾರೆ. ನಿಮ್ಮ ಮಗಳು ಬಾಬಿನ್‌ಗೆ ಮುಂದಿನ ಹಲ್ಲು ಬಿದ್ದಿವೆ, ನಕ್ಕರೆ ನಿಮ್ಮ ಅಜ್ಜನ ಫೋಟೋ ನೋಡಿದ ಹಾಗಿರುತ್ತದೆ. ಆದರೆ ನಗುವುದು ಕಡಿಮೆಯಾಗಿದೆ. ಮಿಷನ್ ಒಳಗಿನ ದಾರದ ಉರುಳೆಯ ಥರ ನಿಂತಲ್ಲಿ ನಿಲ್ಲದೆ ಸುತ್ತುತ್ತಾಳೆ ಅಂತ ನೀವೇ ಇಟ್ಟ ಹೆಸರಲ್ಲವಾ, ಈಗ ಅವಳು ಸುತ್ತುವುದೇ ಇಲ್ಲ. ನಾನು ಕೂತಲ್ಲೇ ಕೂತಿರುತ್ತಾಳೆ. ಫೋನಿನಲ್ಲಿ ಹೇಳೋಣ ಅಂದರೆ ಲೈನು ಸಿಗುವ ಹೊತ್ತಿಗೆ ಅತ್ತೆ ಪಕ್ಕದಲ್ಲಿ, ಇವಳು ಮಡಿಲಲ್ಲಿ. ಅವರಿಬ್ಬರ ಮುಂದೆ ಈ ಮಾತು ಬಾಯಿಗೆ ಬರಲ್ಲ.

ಸಭೆಗೆ ಹೊಸ ಪಾಸ್ಟರ್ ಬಂದಿದ್ದು ನಿಮಗೆ ಗೊತ್ತು. ಒಳ್ಳೆಯ ಮನುಷ್ಯ. ದನಿ ಏರಿಸುವವರೇ ಅಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆ. ವಾರದಿಂದ ವಾರಕ್ಕೆ ಒಂದೇ ವಿಷಯ. ಕಡೇ ಕಾಲ ಬಂತು, ತುತ್ತೂರಿ ಊದುತ್ತದೆ, ಕರ್ತನು ಮೇಘದಲ್ಲಿ ಬಂದು ತನ್ನನ್ನು ನಂಬಿದ ಸಭೆಯನ್ನು ರೆಪ್ಪೆ ಮುಚ್ಚಿ ತೆಗೆಯುವುದರೊಳಗೆ ಎತ್ತಿಕೊಂಡುಬಿಡುತ್ತಾನೆ, ಉಳಿದವರ ಪಾಲಿಗೆ ಮಹಾಸಂಕಟ. ಒಂದೇ ಮನೆಯಲ್ಲಿ ಒಬ್ಬರು ಹೋಗುತ್ತಾರೆ, ಒಬ್ಬರು ಉಳಿಯುತ್ತಾರೆ. ಯಾವಾಗ ಅಂತ ಕೇಳಿದರೆ, ದಿನ ಯಾರಿಗೂ ಗೊತ್ತಿಲ್ಲಮ್ಮ, ಆದರೆ ಬಾಗಿಲ ಹತ್ತಿರವೇ ಇದೆ ಅಂತಾರೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನಾನೂ ನಂಬಿದವಳೇ ರೀ, ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಮಾತು ಇದು. ಆದರೆ ಮೊದಲು ಇದನ್ನು ಕೇಳಿದರೆ ಸಮಾಧಾನ ಆಗುತ್ತಿತ್ತು. ಈಗ ಕೇಳುತ್ತಾ ಕೇಳುತ್ತಾ ಬಾಬಿನ್ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ.

ಡಿಸೆಂಬರಿನ ಮೊದಲ ಭಾನುವಾರ ಎಲ್ಲರೂ ಪಾದದವರೆಗಿನ ಬಿಳಿ ಅಂಗಿ ತೊಟ್ಟು ಉಪವಾಸ ಪ್ರಾರ್ಥನೆಗೆ ಸೇರಬೇಕು, ಆಮೇಲೆ ಆ ಅಂಗಿಯನ್ನು ಮನೆಬಾಗಿಲ ಹಿಂದೆ ಮೊಳೆಗೆ ತೂಗುಹಾಕಿ ಕಾಯುತ್ತಿರಬೇಕು ಅಂತ ತೀರ್ಮಾನ ಆಯಿತು. ಹೊಲಿಯೋದು ಯಾರು? ಸಭೆಯಲ್ಲಿ ಟೇಲರಮ್ಮ ಇರೋದು ನಾನೊಬ್ಬಳೇ. ಬಟ್ಟೆಯ ಥಾನುಗಳು ಬಂದು ಬಿದ್ದವು, ಮನೆ ತುಂಬ ಬಿಳೀ ಬಟ್ಟೆ, ಕಾಲಿಡೋಕೆ ಜಾಗ ಇಲ್ಲ. ಅಳತೆ ಕೊಡೋಕೆ ಬಂದವರೆಲ್ಲ ನೆಟ್ಟಗೆ ನಿಂತು ಮೇಲೇ ನೋಡುತ್ತಿದ್ದರು, ತುತ್ತೂರಿ ಟೇಪು ಸುತ್ತುವ ಹೊತ್ತಿಗೇ ಊದಿಬಿಡುತ್ತೇನೋ ಅನ್ನುವ ಹಾಗೆ. ಬ್ರೆಡ್ ಅಂಗಡಿ ದಪ್ಪಣ್ಣ ಮಾತ್ರ, ಹೊಟ್ಟೆ ಹತ್ತಿರ ಸ್ವಲ್ಪ ಸಡಿಲ ಇರಲಿ ಸಿಸ್ಟರ್, ಮೇಲೆ ಔತಣ ಇದೆಯಂತೆ ಅಂದರು. ಅವತ್ತು ಒಂದು ಸಲ ನಕ್ಕೆ. ನಿಮ್ಮ ಅಳತೆ ಯಾರೂ ಕೇಳಲಿಲ್ಲ. ನಿಮ್ಮ ಹಾಗೆ ಸಭೆಗೆ ಬರುವುದನ್ನು ಬಿಟ್ಟವರ ಹೆಸರಿಗೆ ಬಟ್ಟೆ ಬಂದಿರಲಿಲ್ಲ.

ಇಸ್ತ್ರಿ ಮಾಡೋದು ಅತ್ತೆಯ ಕೆಲಸ. ಬಾಬಿನ್ ಅಂಗಿ ಇಸ್ತ್ರಿ ಮಾಡುವಾಗ ಕೆಳಗಿನ ಅಂಚು ದಪ್ಪ ಅನ್ನಿಸಿ ತಿರುಗಿಸಿ ನೋಡಿದ್ದಾರೆ. ಒಳಗೆ ನಾಲ್ಕು ಬೆರಳು ಬಟ್ಟೆ ಮಡಿಚಿ ಹೊಲಿದಿದ್ದೆ. ಬೆಳೆಯುವ ಮಗುವಿಗೆ ಎಲ್ಲ ಟೇಲರುಗಳೂ ಬಿಡುವ ಹಾಗೆ, ಬರೋ ವರ್ಷ ಬಿಚ್ಚಿ ಉದ್ದ ಮಾಡೋಕೆ. ದೇವರಾಣೆಗೂ ನಾನು ಯೋಚನೆ ಮಾಡಿ ಬಿಟ್ಟಿದ್ದಲ್ಲ, ಕೈ ತಾನಾಗಿ ಬಿಟ್ಟಿತು. ಅತ್ತೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಒಂದೇ ಮಾತು ಕೇಳಿದರು, ಇದು ಯಾವ ವರ್ಷಕ್ಕಮ್ಮ, ಅಂತ. ಬೈದಿದ್ದರೆ ನಾನೂ ಎರಡು ಮಾತಾಡಿ ಮುಗಿಸುತ್ತಿದ್ದೆ, ನನ್ನ ಬಾಯಿ ನಿಮಗೆ ಗೊತ್ತೇ ಇದೆ. ಅವರು ಬೈಯಲಿಲ್ಲ, ಸಭೆಯ ಹೆಂಗಸರಿಗೆ ಹೇಳಿದರು. ಮಾರನೇ ದಿನ ಅವರೆಲ್ಲ ಬಂದು ನನ್ನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಜೊತೆಗೆ ಬಂದಿದ್ದ ಪಾಸ್ಟರ್ ಮೆಲ್ಲಗೆ, ಅದು ಬರೀ ಬಟ್ಟೆಯಲ್ಲ ಸಿಸ್ಟರ್, ನಿಮ್ಮ ಅಪನಂಬಿಕೆಯನ್ನೇ ಮಗಳ ಕಾಲಿಗೆ ಕಟ್ಟಿದ್ದೀರಿ, ಕತ್ತರಿಸಿಬಿಡಿ ಅಂದರು. ಕತ್ತರಿ ನನ್ನ ಕೈಯಲ್ಲೇ ಇತ್ತು. ಎಷ್ಟು ಬಟ್ಟೆ ಕತ್ತರಿಸಿದ ಕೈ ಇದು, ಅವತ್ತು ಕತ್ತರಿಯನ್ನು ಮಿಷನ್ನಿನ ಡ್ರಾಯರಿಗೆ ಹಾಕಿಬಿಟ್ಟಿತು. ಬಿಳಿ ಅಂಗಿಯ ಭಾನುವಾರದೊಳಗೆ ಮಾಡ್ತೀನಿ ಅಂದೆ.

ಇದನ್ನೆಲ್ಲ ಬಾಬಿನ್ ಕೇಳಿಸಿಕೊಂಡಿದ್ದಾಳೆ. ಅವತ್ತಿನಿಂದ ನಾನು ಹೊಲಿಯೋಕೆ ಕೂತರೆ ದಾರದ ಒಂದು ತುದಿ ತನ್ನ ಕಾಲಿಗೆ, ಇನ್ನೊಂದು ತುದಿ ಪೆಡಲ್ ಮೇಲಿರುವ ನನ್ನ ಕಾಲಿಗೆ ಕಟ್ಟುತ್ತಾಳೆ. ಯಾಕೆ ಅಂದರೆ, ನನ್ನನ್ನು ಎತ್ತಿಕೊಂಡರೆ ನೀನೂ ಬರಬೇಕಲ್ಲ ಅಂತಾಳೆ. ನೀವು ಹಿಂದೆ ತಮಾಷೆಗೆ, ಎಂಜಿನ್ ರೂಮಿನ ಗದ್ದಲದಲ್ಲಿ ನನಗೆ ಯಾವ ತುತ್ತೂರಿ ಕೇಳಿಸುತ್ತೆ ಅಂದಿದ್ದಿರಿ ನೋಡಿ, ಅದನ್ನು ಮರೆತಿಲ್ಲ ಅವಳು. ಅಪ್ಪನಿಗೆ ಕೇಳಿಸದೇ ಹೋದರೆ ಯಾರು ಕರೀತಾರೆ ಅಂತ ಅನ್ನ ಬಿಟ್ಟು ಅಳುತ್ತಾಳೆ. ಇನ್ನು ಮೇಲೆ ಅಂಥ ತಮಾಷೆ ಮಾಡಬೇಡಿ.

ಈಗ ನಿನ್ನೆ ನಡೆದಿದ್ದನ್ನು ಕೇಳಿ. ಮಧ್ಯಾಹ್ನ ಬಿಳಿ ದಾರ ಮುಗಿಯಿತು. ಬಾಬಿನ್ ಮಲಗಿದ್ದಳು, ಅತ್ತೆ ಇಸ್ತ್ರಿ ಮಾಡುತ್ತಿದ್ದರು. ನನ್ನ ಕಾಲಿನ ದಾರ ಬಿಚ್ಚಿಟ್ಟು, ಅತ್ತೆಗೂ ಹೇಳದೆ ಅಂಗಡಿಗೆ ಹೋಗಿ ಬಂದೆ. ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇಲ್ಲ. ಇಸ್ತ್ರಿಪೆಟ್ಟಿಗೆ ಬಿಸಿ ಇದೆ, ಒಲೆ ಮೇಲೆ ಹಾಲು ಉಕ್ಕಿ ಹರಿದಿದೆ, ಇಬ್ಬರ ಚಪ್ಪಲಿಯೂ ಹೊಸ್ತಿಲಲ್ಲೇ ಇವೆ. ಕೂಗಿದೆ, ಉತ್ತರ ಇಲ್ಲ. ಇಸ್ತ್ರಿ ಆದ ನಮ್ಮ ಮೂವರ ಅಂಗಿಗಳನ್ನು ಅತ್ತೆ ಆಗಲೇ ಬಾಗಿಲ ಹಿಂದೆ ತೂಗುಹಾಕಿದ್ದರು, ನೋಡಿದರೆ ಮೊಳೆಗಳು ಖಾಲಿ, ಅಂಗಿಗಳಿಲ್ಲ. ಹೋದರು ಅಂದುಕೊಂಡೆ. ಕರ್ತ ಬಂದ, ಕರೆದುಕೊಂಡ, ನಾನು ದಾರ ತರೋಕೆ ಹೋಗಿದ್ದೆ. ಬೀದಿಗೆ ಓಡಿದೆ. ಎದುರುಮನೆಯಲ್ಲಿ ಸಭೆಗೆ ಬರುವ ನರ್ಸಮ್ಮ ಇದ್ದಾರಲ್ಲ, ಅವರ ಬಾಗಿಲು ಬಡಿದೆ, ಅವರೂ ಇಲ್ಲ. ಡ್ಯೂಟಿಗೆ ಹೋಗಿದ್ದಾರೆ ಅನ್ನುವಷ್ಟು ಬುದ್ಧಿ ಆಗ ಎಲ್ಲಿತ್ತು. ತಿರುಗಿ ಮನೆಗೆ ಬಂದು ಅವಳ ಪುಟ್ಟ ಚಪ್ಪಲಿ ಎದೆಗೆ ಅವಚಿಕೊಂಡು ನೆಲದ ಮೇಲೆ ಕೂತೆ. ದೇವರ ಮೇಲೆ ಸಿಟ್ಟು ಬಂತು. ಅಂಥ ಸಿಟ್ಟು ಬರಬಾರದು, ಬಂತು.

ಆಗ ಒಳಕೋಣೆಯಲ್ಲಿ ನಿಲ್ಲಿಸಿದ್ದ ಥಾನುಗಳ ಹಿಂದೆ ಏನೋ ಸರಸರ ಅಂತು. ಹೋಗಿ ನೋಡಿದರೆ ಅಲ್ಲಿ ಕೂತಿದ್ದಾರೆ ಇಬ್ಬರೂ. ಇವಳು ಎಚ್ಚರವಾದಾಗ ಕಾಲಿನ ದಾರ ಸಡಿಲವಾಗಿ ಬಿದ್ದಿದ್ದು ನೋಡಿ, ಅಮ್ಮ ಹೋದಳು ಅಂತ ಕಿರುಚಿದ್ದಾಳೆ. ಆಮೇಲೆ ಅಂಗಿಗಳನ್ನೂ ಅಜ್ಜಿಯನ್ನೂ ಎಳೆದುಕೊಂಡು ಹೋಗಿ ಅಲ್ಲಿ ಅಡಗಿದ್ದಾಳೆ. ಅಂಗಿ ಅಂಟಿಕೊಂಡಿದ್ದರೆ ಅಮ್ಮ ಎಲ್ಲಿದ್ದರೂ ಸಿಗುತ್ತಾಳೆ ಅಂತ ತನ್ನ ಅಂಗಿಯ ಅಂಚು ಬಿಚ್ಚಿ, ಆ ನಾಲ್ಕು ಬೆರಳು ಬಟ್ಟೆಯನ್ನು ನನ್ನ ಅಂಗಿಗೆ ಸೇರಿಸಿ ಹೊಲಿಯುತ್ತಿದ್ದಳು, ಸೊಟ್ಟಸೊಟ್ಟ ಹೊಲಿಗೆ, ಬೆರಳಿಗೆಲ್ಲ ಸೂಜಿ ಚುಚ್ಚಿಕೊಂಡು. ನಾನು ಕೂಗಿದಾಗ ಅದು ಮೇಲಿನಿಂದ ಬಂದ ಕರೆ ಅಂದುಕೊಂಡು, ಕರೆಯೋಕೆ ಬಂದರು, ಮುಗಿಯೋವರೆಗೂ ಓಗೊಡಬೇಡ ಅಂತ ಅಜ್ಜಿಯ ಬಾಯಿ ಮುಚ್ಚಿದ್ದಾಳೆ. ಅಜ್ಜಿ ಏನು ಮಾಡುತ್ತಿದ್ದರು ಗೊತ್ತಾ? ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಮೊಮ್ಮಗಳಿಗೆ ಸೂಜಿ ಪೋಣಿಸಿ ಕೊಡುತ್ತಿದ್ದರು. ಅವರ ಅಂಗಿಯೂ ಆಗಲೇ ಅದಕ್ಕೆ ಸೇರಿತ್ತು. ನನ್ನನ್ನು ನೋಡಿ ಅತ್ತೆ, ಎಲ್ಲಿ ಹೋಗಿದ್ದೆ ಮಾರಾಯ್ತಿ, ಜೀವ ಬಾಯಿಗೆ ಬಂದಿತ್ತು ಅಂದರು. ಆಮೇಲೆ ತಲೆ ತಗ್ಗಿಸಿ, ನನಗೂ ಒಬ್ಬಳೇ ಹೋಗೋಕೆ ಭಯ ಕಣಮ್ಮ ಅಂದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಭಯ ಅನ್ನೋ ಮಾತು ಕೇಳಿದ್ದು ಅದೇ ಮೊದಲು. ಮೂವರೂ ಅಲ್ಲೇ ಕೂತು ಅತ್ತೆವು, ಹಾಲು ಸೀದ ವಾಸನೆ ಮನೆಯೆಲ್ಲ.

ಈಗ ಡಿಸೆಂಬರಿನ ಆ ಭಾನುವಾರಕ್ಕೆ ಏನು ಮಾಡಲಿ ಹೇಳಿ. ಬಿಚ್ಚಿ ಕತ್ತರಿಸಿ ಬೇರೆ ಬೇರೆ ತೊಟ್ಟರೆ ಮಗು ಹೆದರಿ ಸಾಯುತ್ತಾಳೆ. ಹೀಗೇ ಸೇರಿಸಿ ತೊಟ್ಟು ಹೋದರೆ ಸಭೆ ಏನನ್ನುತ್ತೋ. ಅದಕ್ಕಿಂತ, ಕರ್ತ ನಿಜವಾಗಿ ಅವತ್ತೇ ಬಂದು, ಕತ್ತರಿಸದ ಅಂಚು ನೋಡಿ ನಮ್ಮನ್ನು ದಾಟಿ ಹೋದರೆ ಅಂತ ಭಯ. ಕತ್ತರಿಸಿದ ಮೇಲೆ ಬಂದು ನಮ್ಮನ್ನು ಬೇರೆ ಬೇರೆ ಮಾಡಿದರೆ ಅನ್ನೋ ಭಯ ಇನ್ನೂ ದೊಡ್ಡದು. ಬೆಳಿಗ್ಗೆಯಿಂದ ಇದೇ ಯೋಚನೆ, ಕೆಲಸಕ್ಕೆ ಮನಸ್ಸಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನೀರು ನೆಲ ಎರಡನ್ನೂ ಮಾಡಿದವನು ನಿಮ್ಮ ಹಡಗಿನ ಮೇಲೂ ಕಣ್ಣಿಟ್ಟಿರಲಿ. ಬಾಬಿನ್ ಮುತ್ತು ಕಳಿಸಿದ್ದಾಳೆ, ಹಲ್ಲಿಲ್ಲದ ಮುತ್ತು.

ನಿಮ್ಮ,
ಟೇಲರಮ್ಮ

ಮರೆತಿದ್ದೆ: ಅಂಚೆಯವನು ಬರುವ ಹೊತ್ತಾಯಿತು, ಮುಖ್ಯ ವಿಷಯ ಬರೆಯಲೇ ಇಲ್ಲ. ಇವತ್ತು ಬೆಳಿಗ್ಗೆ ಅತ್ತೆ ಪೆಟ್ಟಿಗೆಯಿಂದ ನಿಮ್ಮ ಹಳೇ ಬಿಳಿ ಶರ್ಟು ತೆಗೆದು ಬಾಬಿನ್ ಮಡಿಲಿಗೆ ಹಾಕಿದರು. ಕಾಲರಿನಿಂದ ಶುರು ಮಾಡಿ ಅದನ್ನೂ ನಮ್ಮ ಅಂಗಿಗಳ ಸಾಲಿಗೆ ಹೊಲಿಯುತ್ತಿದ್ದಾಳೆ. ಅಪ್ಪ ಸಮುದ್ರದಲ್ಲಿದ್ದರೆ ದಾರ ಅಲ್ಲಿವರೆಗೂ ಎಟಕುತ್ತಾ ಅಂತ ಕೇಳಿದಳು. ಹೂಂ ಅಂದೆ, ಸುಳ್ಳು ಹೇಳಿದೆನೇನೋ ಅಂತ ಭಯ. ಈ ಸಲ ರಜೆ ಮುಂದಕ್ಕೆ ಹಾಕಬೇಡಿ, ಬಂದುಬಿಡಿ. ಕೊನೆಯ ಗಂಟು ಅವಳು ಹಾಕಿಲ್ಲ, ಅಪ್ಪನೇ ಬಂದು ಹಾಕಲಿ ಅಂತಾಳೆ. ಸೂಜಿ ನಿಮ್ಮ ಶರ್ಟಿನಲ್ಲೇ ನೇತಾಡುತ್ತಿದೆ.