ಟೈಲ್‌ಮಿಲ್ ಕ್ರಾಸಿನ ಹಲಗೆಯನ್ನು ಓದದವರಿಗೆ

ಮಾನ್ಯ ಮಾರ್ಗ ವಿಭಾಗದ ಮುಖ್ಯಸ್ಥರೇ,

ಬರುವ ನವೆಂಬರ್ ತಿಂಗಳ ಮೊದಲ ಸೋಮವಾರದಿಂದ ಟೈಲ್‌ಮಿಲ್ ಕ್ರಾಸಿನಲ್ಲಿ ನಿಮ್ಮ ಕಂಪನಿಯ ಯಾವ ಬಸ್ಸೂ ನಿಲ್ಲುವುದಿಲ್ಲ ಎಂದು ನೀವು ತೀರ್ಮಾನಿಸಿದ್ದೀರಿ. ಅದಕ್ಕೆ ಕೊಟ್ಟಿರುವ ಕಾರಣ ಒಂದೇ. ಸಾರ್ವಜನಿಕ ಸಭೆ ಕರೆದಿದ್ದೆವು, ಟೈಲ್‌ಮಿಲ್ ಕ್ರಾಸಿನಿಂದ ಯಾರೂ ಬರಲಿಲ್ಲ, ಆದ್ದರಿಂದ ಯಾರ ಆಕ್ಷೇಪಣೆಯೂ ಇಲ್ಲ ಎಂದು ಪತ್ರಿಕೆಯಲ್ಲಿ ಹಾಕಿಸಿದ್ದೀರಿ. ಅದೇ ಪತ್ರಿಕೆಯಲ್ಲಿ ಉತ್ತರ ಕೊಡುತ್ತಿದ್ದೇನೆ. ನಾವು ಬಂದಿದ್ದೆವು. ಕುದುರೆ ಗಾಡಿಗಳ ಸಾಲು ಕಟ್ಟಿಕೊಂಡು ಬಂದಿದ್ದೆವು. ನಡೆಯಲು ಸರಿಯಾಗಿ ಆಗದ ನನ್ನ ಅಮ್ಮನೂ ಬಂದಿದ್ದಳು. ಇಲ್ಲದಿದ್ದವರು ನೀವು.

ನನ್ನ ಅಮ್ಮನ ಹೆಸರು ಸಲೋಮಿ ಹಿಲ್ಟಿ. ಅವಳ ಎರಡು ಮೂತ್ರಪಿಂಡಗಳೂ ಕೆಲಸ ಬಿಟ್ಟಿವೆ. ವಾರದಲ್ಲಿ ಮೂರು ದಿನ ಬೆಳಿಗ್ಗೆ ನಿಮ್ಮ ಬಸ್ಸು ಹಿಡಿದು ಫೋರ್ಟ್ ವೇನ್ ನಗರದ ಆಸ್ಪತ್ರೆಗೆ ಹೋಗಿ, ಡಯಾಲಿಸಿಸ್ ಮಾಡಿಸಿಕೊಂಡು, ಸಂಜೆ ನಿಮ್ಮ ಬಸ್ಸಿನಲ್ಲೇ ಮರಳುತ್ತಾಳೆ. ಕ್ರಾಸಿನಲ್ಲಿ ಕೂರಲು ಬೆಂಚಿಲ್ಲ. ಅದನ್ನು ನಿಮ್ಮಲ್ಲಿ ಕೇಳಿ ಕೇಳಿ ಸಾಕಾಗಿ, ಒಂದು ಮಡಚುವ ಕುರ್ಚಿಯನ್ನು ನಾವೇ ಒಯ್ಯುತ್ತೇವೆ. ನಾನು ಜೊತೆಗೆ ಹೋಗುತ್ತೇನೆ. ಬಸ್ಸು ಬಂದಾಗ ಚಾಲಕ ಡ್ವೇನ್ ಕೆಳಗಿಳಿದು ಅಮ್ಮನ ಕೈ ಹಿಡಿದು ಹತ್ತಿಸುತ್ತಾನೆ.

"ಏನಮ್ಮಾ, ಇವತ್ತೂ ಈ ಕುರ್ಚಿ ಮಡಚೋಕೆ ನಾನೇ ಇಳೀಬೇಕಾ?" ಎಂದು ಪ್ರತಿ ಸಲ ಕೇಳುತ್ತಾನೆ.

"ನಿನ್ನ ಹೊಟ್ಟೆ ಸ್ವಲ್ಪ ಕರಗಲಿ ಅಂತಾನೇ ತರೋದು," ಎಂದು ಅಮ್ಮ ಪ್ರತಿ ಸಲ ಹೇಳುತ್ತಾಳೆ.

ಇಬ್ಬರೂ ಹೊಸದಾಗಿ ಕೇಳಿದವರಂತೆ ನಗುತ್ತಾರೆ. ಬೆಳಿಗ್ಗೆ ಅವಳು ನಗುವುದು ಅಷ್ಟೇ, ಸಂಜೆ ಮರಳುವಾಗ ಅವಳಿಗೆ ಮಾತಾಡುವ ಶಕ್ತಿಯೂ ಇರುವುದಿಲ್ಲ.

ನಿಮ್ಮ ಕಂಪನಿಯಲ್ಲಿ ಮೂರು ಬಗೆಯ ಬಸ್ಸುಗಳಿವೆ ಎಂದು ನಿಮ್ಮ ಪ್ರಕಟಣೆಯಿಂದ ತಿಳಿಯಿತು. ಇಷ್ಟು ದಿನ ನಮಗದು ಗೊತ್ತಿರಲಿಲ್ಲ, ಕೈ ಎತ್ತಿದರೆ ಮೂರೂ ನಿಲ್ಲುತ್ತಿದ್ದವು. ಲೋಕಲ್ ಬಸ್ಸು ಇನ್ನು ಊರೊಳಗೇ ಓಡಬೇಕಂತೆ, ನಾವು ಊರಿನ ಆಚೆ ಇದ್ದೇವಂತೆ. ದೂರದ ಬಸ್ಸು ಬೇಗ ಹೋಗಬೇಕಂತೆ, ನಾವು ಅದಕ್ಕೆ ತೀರಾ ಹತ್ತಿರವಂತೆ. ಕೆಲಸಕ್ಕೆ ಹೋಗುವವರ ಬಸ್ಸು ಕಚೇರಿಗೆ ಹೋಗುವವರಿಗಂತೆ. ಟ್ರೇಲರ್ ಕಾರ್ಖಾನೆಯಲ್ಲಿ ಬೆಳಗಿನಿಂದ ಮೊಳೆ ಹೊಡೆಯುವ ನಮ್ಮ ಹುಡುಗರು ಮಾಡುವುದಕ್ಕೆ ನಿಮ್ಮಲ್ಲಿ ಯಾವ ಹೆಸರಿದೆಯೋ ತಿಳಿಯದು. ಹೀಗೆ ಒಂದು ಬಸ್ಸಿಗೆ ನಾವು ದೂರ, ಇನ್ನೊಂದಕ್ಕೆ ಹತ್ತಿರ, ಮತ್ತೊಂದಕ್ಕೆ ಲೆಕ್ಕಕ್ಕೇ ಇಲ್ಲ. ನಾನು ಓದಿದ್ದು ನಮ್ಮ ಒಂದೇ ಕೋಣೆಯ ಶಾಲೆಯಲ್ಲಿ, ಅದೂ ಎಂಟನೆಯ ತರಗತಿಯವರೆಗೆ. ಒಂದೇ ಕ್ರಾಸು ಏಕಕಾಲದಲ್ಲಿ ದೂರವೂ ಹತ್ತಿರವೂ ಆಗುವುದು ಹೇಗೆ ಎಂಬುದು ಅದರ ಮುಂದಿನ ತರಗತಿಗಳಲ್ಲಿ ಬರುವ ಪಾಠವಿರಬೇಕು.

ಈಗ ಸಭೆಯ ವಿಷಯಕ್ಕೆ ಬರುತ್ತೇನೆ.

ಹಳೆಯ ಕ್ರೈಸ್ತ ಪದ್ಧತಿಯಂತೆ ಬದುಕುವ ನಾವು ಗಡಿಯಾರ ತಿರುಗಿಸುವವರಲ್ಲ. ವಸಂತ ಬಂದಾಗ ನೀವೆಲ್ಲ ಮುಳ್ಳನ್ನು ಒಂದು ಗಂಟೆ ಮುಂದೆ ತಳ್ಳುತ್ತೀರಿ, ನಾವು ತಳ್ಳುವುದಿಲ್ಲ. ಹಸುವಿಗೆ ಹೇಳಿ ಒಪ್ಪಿಸಲಾಗದ್ದನ್ನು ನಾವು ಮಾಡುವುದಿಲ್ಲ ಎಂದು ನನ್ನ ತಾತ ಹೇಳುತ್ತಿದ್ದರು. ನಮ್ಮದನ್ನು ನಿಧಾನ ಗಂಟೆ ಎನ್ನುತ್ತೇವೆ, ನಿಮ್ಮದನ್ನು ಅವಸರದ ಗಂಟೆ. ಆದರೆ ನಾವು ದಡ್ಡರಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಹತ್ತು ಎಂದಿದ್ದರೆ ನಮ್ಮ ಒಂಬತ್ತಕ್ಕೆ ಅಲ್ಲಿರುತ್ತೇವೆ. ನಿಮ್ಮವರ ಕಾಗದ ಯಾವುದೇ ಬರಲಿ, ಒಂದು ಗಂಟೆ ಕಳೆದು ಓದುವುದು ನಮ್ಮ ಮಕ್ಕಳಿಗೂ ಗೊತ್ತು. ಹಾಗೆ ಕಳೆಯದೆ ಓದಬಹುದಾದ ಒಂದೇ ಒಂದು ಜಾಗವಿತ್ತು. ಅದು ನಮ್ಮ ಕ್ರಾಸಿನ ಮೇವಿನ ಅಂಗಡಿಯ ಗೋಡೆಯ ಮೇಲಿರುವ ನಿಮ್ಮ ಕಂಪನಿಯ ಹಲಗೆ.

ಆ ಹಲಗೆಯ ತಲೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಸಾಲು ಬರೆದಿದೆ. "ಈ ಹಲಗೆಯ ಮೇಲಿನ ಗಂಟೆಗಳೆಲ್ಲ ನಿಧಾನ ಗಂಟೆಗಳು." ಅದನ್ನು ಬರೆಸಿದವರು ನಾವಲ್ಲ. ಕಂಪನಿಯ ಹಳೆಯ ಮಾಲೀಕರು, ಇಲ್ಲಿ ಹತ್ತುವವರು ಯಾರು ಎಂದು ತಿಳಿದುಕೊಂಡು, ತಾವೇ ಬರೆಸಿದ್ದು. ಅಂದಿನಿಂದ ವೇಳಾಪಟ್ಟಿ ಬದಲಾದಾಗಲೆಲ್ಲ ಡ್ವೇನ್ ನಮ್ಮ ಗಂಟೆಯಲ್ಲಿ ಬರೆದು ಅಲ್ಲಿ ಹಚ್ಚುತ್ತಾನೆ. ಈ ವರ್ಷವೂ ಹಚ್ಚಿದ್ದಾನೆ. ನೀವು ಆ ಮಾಲೀಕರಿಂದ ಬಸ್ಸುಗಳನ್ನು ಕೊಂಡಿರಿ, ಶೆಡ್ಡನ್ನು ಕೊಂಡಿರಿ, ಹಲಗೆಯನ್ನೂ ಕೊಂಡಿರಿ. ಆ ಸಾಲನ್ನು ಮಾತ್ರ ಕೊಳ್ಳಲಿಲ್ಲವೇ?

ಬೇಸಿಗೆಯ ಕೊನೆಯಲ್ಲಿ, ಡ್ವೇನ್ ರಜೆಯಲ್ಲಿದ್ದ ವಾರ, ನಿಮ್ಮ ಕಚೇರಿಯಿಂದ ಯಾರೋ ಬಂದು ಆ ಬಿಳಿ ಸಾಲಿನ ಕೆಳಗೆ, ಬೆರಳಿಡುವಷ್ಟು ಜಾಗ ಬಿಟ್ಟು, ಒಂದು ಪ್ರಕಟಣೆ ಹಚ್ಚಿ ಹೋದರು. ಟೈಲ್‌ಮಿಲ್ ಕ್ರಾಸಿನ ನಿಲುಗಡೆ ರದ್ದು ಮಾಡುವ ಬಗ್ಗೆ ಮಂಗಳವಾರ ಸಂಜೆ ಏಳಕ್ಕೆ ಗ್ರಂಥಾಲಯದ ಸಭಾಂಗಣದಲ್ಲಿ ಸಭೆ, ಹೇಳುವುದಿದ್ದವರು ಬಂದು ಹೇಳಬಹುದು ಎಂದು ಅದರಲ್ಲಿತ್ತು. ನಾವು ಮೇಲಿನ ಸಾಲನ್ನೂ ಓದಿದೆವು, ಕೆಳಗಿನ ಸಾಲನ್ನೂ ಓದಿದೆವು. ಏಳು ಎಂದರೆ ನಮ್ಮ ಏಳೇ ಎಂದುಕೊಂಡೆವು. ನಿಮ್ಮ ಹಲಗೆಯನ್ನು ನಂಬಿದ್ದೇ ನಾವು ಮಾಡಿದ ತಪ್ಪು.

ಆ ಮಂಗಳವಾರ ಅಮ್ಮ ಹಿಂದಿನ ದಿನದ ಡಯಾಲಿಸಿಸ್‌ನಿಂದ ಸುಸ್ತಾಗಿದ್ದಳು. ಬೇಡವೆಂದರೂ ಕೇಳಲಿಲ್ಲ. ನಮ್ಮ ಗಾಡಿಗಳಿಗೆ ಮೇಲ್ಛಾವಣಿ ಇಲ್ಲ, ತುಂತುರು ಮಳೆಯಿತ್ತು. ಕೊಡೆಯ ಕೆಳಗೆ ಕುಳಿತು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿಕೊಂಡಳು, ಯಾಕೆಂದರೆ ಮನೆಯಲ್ಲಿ ನಮ್ಮದು ಬೇರೆ ಮಾತು.

"ಮೊದಲು ಹೆಸರು ಹೇಳ್ಬೇಕೋ, ಕಾಯಿಲೆ ಹೇಳ್ಬೇಕೋ?" ಎಂದು ತನ್ನ ತಮ್ಮನನ್ನು ಕೇಳಿದಳು. ಈನೋಸ್ ಮಾವ ಗಾಡಿ ಹೊಡೆಯುತ್ತಿದ್ದ. ಅವನು ನಮ್ಮ ಪ್ರಾರ್ಥನಾ ಸಭೆಯ ಬೋಧಕ.

"ಹೆಸರು ಹೇಳಕ್ಕಾ. ಕಾಯಿಲೆ ನಿನ್ನ ಮುಖ ನೋಡಿದ್ರೆ ಗೊತ್ತಾಗತ್ತೆ."

"ನಿನ್ನ ಪ್ರವಚನ ಕೇಳೋವಾಗ ಜನ ತೂಕಡಿಸೋದು ಯಾಕೆ ಅಂತ ಈಗ ತಿಳೀತು," ಎಂದು ಅಮ್ಮ ತಿರುಗಿಸಿ ಹೇಳಿದಳು.

ನಾವು ಒಳಗೆ ಹೋದಾಗ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಾಗಿತ್ತು. ನೆಲ ಗುಡಿಸುವ ಒಬ್ಬರು ಮಾತ್ರ ಇದ್ದರು.

"ಬಸ್ಸಿನ ಸಭೆಗಾ? ಅದು ಏಳಕ್ಕೇ ಶುರುವಾಗಿ ಮುಗಿದೂ ಹೋಯ್ತಲ್ಲಾ. ಹತ್ತು ನಿಮಿಷ ಕೂತಿದ್ರು, ಯಾರೂ ಬರ್ಲಿಲ್ಲ ಅಂತ ಕಾಫಿ ಕುಡ್ಕೊಂಡು ಹೋದ್ರು," ಎಂದರು ಅವರು.

ಈನೋಸ್ ಮಾವ ಜೇಬಿನ ಗಡಿಯಾರ ತೆಗೆದು ನೋಡಿದ. ಆಮೇಲೆ ಗೋಡೆಯ ಗಡಿಯಾರ ನೋಡಿದ. ಅವನದರಲ್ಲಿ ಏಳು, ಗೋಡೆಯದರಲ್ಲಿ ಎಂಟು. ಎಲ್ಲರಿಗೂ ಅರ್ಥವಾಗಿತ್ತು.

ಅಮ್ಮ ಅಲ್ಲಿಂದ ಕದಲಲಿಲ್ಲ. "ಕಲಿತುಕೊಂಡು ಬಂದಿದ್ದೀನಿ. ಯಾರಿಗಾದ್ರೂ ಹೇಳಿಯೇ ಹೋಗ್ತೀನಿ," ಎಂದಳು. ಆ ಮನುಷ್ಯ ಪೊರಕೆಯನ್ನು ಗೋಡೆಗೆ ಒರಗಿಸಿ, ಒಂದು ಕುರ್ಚಿ ಇಳಿಸಿಕೊಟ್ಟು, ತಾವು ಎದುರಿಗೆ ನಿಂತರು. ಅಮ್ಮ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತು ಹೇಳಿದಳು.

"ನನ್ನ ಹೆಸರು ಸಲೋಮಿ. ವಾರಕ್ಕೆ ಮೂರು ದಿನ ನಿಮ್ಮ ಬಸ್ಸಲ್ಲಿ ಹೋಗಿ ರಕ್ತ ಶುದ್ಧ ಮಾಡಿಸ್ಕೊಂಡು ಬರ್ತೀನಿ. ಬಸ್ಸು ತಪ್ಪಿದ್ರೆ ಅದು ತಪ್ಪತ್ತೆ. ಅದು ತಪ್ಪಿದ್ರೆ ನಾನು ಬಹಳ ದಿನ ಇರಲ್ಲ. ಇಷ್ಟೇ ಹೇಳ್ಬೇಕಿತ್ತು."

ಆ ಮನುಷ್ಯ ಟೋಪಿ ತೆಗೆದರು. "ನನ್ನ ಕೈಲಿ ಬಸ್ಸಿಲ್ಲಮ್ಮ, ಪೊರಕೆ ಇದೆ," ಎಂದರು. "ಬಸ್ಸಿದ್ದಿದ್ರೆ ನಿಲ್ಲಿಸ್ತಿದ್ದೆ."

ಮಾನ್ಯರೇ, ನಿಮ್ಮ ಸಾರ್ವಜನಿಕ ಸಭೆ ನಿಜವಾಗಿ ನಡೆದದ್ದು ಆಗ. ಅದರಲ್ಲಿ ಸಾರ್ವಜನಿಕರೂ ಇದ್ದರು, ಅವರ ಮಾತು ಕೇಳುವವರೂ ಒಬ್ಬರಿದ್ದರು. ಸಂಬಳ ಮಾತ್ರ ತಪ್ಪು ಜನರಿಗೆ ಹೋಗುತ್ತಿದೆ.

ಮಾರನೆಯ ದಿನ ಈನೋಸ್ ಮಾವ ನಿಮ್ಮ ಕಚೇರಿಗೆ ಹೋಗಿ, ಇನ್ನೊಂದು ಸಭೆ ಕರೆಯಿರಿ ಎಂದು ಕೇಳಿದ. ಕಿಟಕಿಯ ಹಿಂದೆ ಕೂತಿದ್ದ ಹೆಣ್ಣುಮಗಳು, "ಗಡಿಯಾರ ಸರಿಯಾಗಿ ಇಟ್ಕೊಳ್ಳೋದು ನಿಮ್ಮ ಜವಾಬ್ದಾರಿ ಅಲ್ವಾ?" ಎಂದರಂತೆ. "ನಮ್ಮದು ಸರಿಯಾಗೇ ಇದೆಯಮ್ಮ, ವರ್ಷಕ್ಕೆ ಎರಡು ಸಲ ತಿರುಗಿಸೋರು ನೀವು," ಎಂದು ಮಾವ ಹೇಳಿದನಂತೆ. ಆಕೆಗೂ ನಗು ಬಂತಂತೆ. ಆದರೆ ಸಭೆ ಬರಲಿಲ್ಲ. ಬದಲಿಗೆ ನಿಮ್ಮ ಸಲಹೆ ಬಂತು: ಫೋನಿನಲ್ಲಿ ಕರೆದರೆ ಮನೆಯ ಬಾಗಿಲಿಗೇ ವ್ಯಾನು ಬರುತ್ತದೆ, ಅದನ್ನು ಬಳಸಿಕೊಳ್ಳಿ ಎಂದು. ಫೋನೇ ಇಟ್ಟುಕೊಳ್ಳದವರಿಗೆ ಇದಕ್ಕಿಂತ ಉದಾರವಾದ ಕೊಡುಗೆ ಇನ್ನೇನಿದೆ? ಅದು ಬೇಡವಾದರೆ ಹೆದ್ದಾರಿಯ ಆಚೆಗಿನ ದೊಡ್ಡ ಅಂಗಡಿಯ ಮುಂದೆ ಬಸ್ಸು ಹಿಡಿಯಬಹುದಂತೆ. ಲಾರಿಗಳು ಹಾರಿ ಹೋಗುವ ಆ ನಾಲ್ಕು ಸಾಲಿನ ರಸ್ತೆಯನ್ನು ನಮ್ಮ ಕುದುರೆ ದಾಟುವುದಿಲ್ಲ. ನೀವೇ ಒಮ್ಮೆ ಬಂದು ಅದನ್ನು ಒಪ್ಪಿಸಿ ನೋಡಿ.

ನಾವು ಕೋರ್ಟಿಗೆ ಹೋಗುವವರಲ್ಲ. ಅದು ನಮ್ಮ ನಂಬಿಕೆಗೆ ಸಲ್ಲದು. ಘೋಷಣೆ ಕೂಗುವವರಲ್ಲ, ರಸ್ತೆ ತಡೆಯುವವರೂ ಅಲ್ಲ. ಇದು ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ, ತೆಗೆದುಹಾಕಲು ಒಂದು ನಿಲುಗಡೆ ಬೇಕಾದಾಗ ನಮ್ಮದು ನಿಮ್ಮ ಕಣ್ಣಿಗೆ ಬಿತ್ತೇ? ಜಗಳವಾಡದವರನ್ನು ಒಪ್ಪಿಕೊಂಡವರೆಂದು ಲೆಕ್ಕ ಹಾಕುವುದು ನಿಮಗೆ ಸುಲಭ. ಆದರೆ ನಾವು ಒಪ್ಪಿಕೊಂಡಿಲ್ಲ. ಪತ್ರಿಕೆಗೆ ಬರೆಯಲೇ ಎಂದು ಈನೋಸ್ ಮಾವನನ್ನು ಕೇಳಿದೆ. ನಾಲ್ಕು ಜನರೆದುರು ಬಾಯಿಬಿಡದವಳು ನಾನು, ಅವನಿಗೂ ಆಶ್ಚರ್ಯವಾಯಿತು. "ಬರಿ ಮಗಳೇ. ಕೋಪ ಇಳಿಯೋವರೆಗೂ ಒಂದು ಸಲ ಬರಿ. ಆಮೇಲೆ ಇನ್ನೊಂದು ಬರೆದು ಅದನ್ನ ಕಳಿಸು," ಎಂದ. ಮೊದಲನೆಯದು ಒಲೆಗೆ ಹೋಯಿತು. ನೀವು ಓದುತ್ತಿರುವುದು ಎರಡನೆಯದು. ಕೋಪ ಇನ್ನೂ ಇಳಿದಿಲ್ಲವೆಂದು ನಿಮಗೆ ಅನಿಸಿದರೆ, ಅದು ನಿಜ.

ನಾವು ಕೇಳುವುದು ದೊಡ್ಡದೇನಲ್ಲ. ಆ ಸಭೆಯನ್ನು ಇನ್ನೊಮ್ಮೆ ಕರೆಯಿರಿ. ಅಲ್ಲಿಯವರೆಗೆ ಬಸ್ಸು ಕ್ರಾಸಿನಲ್ಲಿ ನಿಲ್ಲುತ್ತಿರಲಿ. ಸಭೆಯ ಗಂಟೆಯನ್ನು ನಿಮ್ಮ ಗಡಿಯಾರದಂತೆ ಇಡಿ, ನಮ್ಮದರಂತೆ ಇಡಿ, ನಮಗೆ ಎರಡೂ ಒಂದೇ. ಈ ಸಲ ಅಮ್ಮ ಹೇಳುವುದನ್ನು ಪೊರಕೆ ಹಿಡಿದವರಲ್ಲ, ಬಸ್ಸು ಕೈಯಲ್ಲಿರುವ ನೀವು ಕೇಳಬೇಕು.

ಕರೆಯುವುದಿಲ್ಲವೆಂದರೆ ಇದನ್ನೂ ತಿಳಿದಿರಿ. ನೀವು ಬಸ್ಸು ನಿಲ್ಲಿಸುವುದಿಲ್ಲವೆಂದು ಗೊತ್ತುಮಾಡಿದ ಸೋಮವಾರದ ಹಿಂದಿನ ದಿನ ನಿಮ್ಮ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದೆ ಬರುತ್ತವೆ. ಪ್ರತಿ ವರ್ಷವೂ ಬರುತ್ತವೆ. ನಾವು ಇದ್ದಲ್ಲೇ ಇರುತ್ತೇವೆ, ಸುತ್ತಾಡಿ ಮರಳಿ ಬರುವವರು ನೀವು. ಆ ಸೋಮವಾರ ಬೆಳಿಗ್ಗೆ ನಿಮ್ಮ ಗಂಟೆಯೂ ನಮ್ಮ ಗಂಟೆಯೂ ಒಂದೇ ಆಗಿರುತ್ತದೆ. ತಪ್ಪು ಹೊತ್ತಿಗೆ ಬಂದಿರಿ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಅವತ್ತು ಎಂದಿನಂತೆ ಅಮ್ಮನಿಗೆ ಡಯಾಲಿಸಿಸ್ ಇದೆ. ಟೈಲ್‌ಮಿಲ್ ಕ್ರಾಸಿನಲ್ಲಿ ಬಿಳಿ ಸಾಲಿನ ಹಲಗೆಯ ಕೆಳಗೆ ಅವಳು ತನ್ನ ಮಡಚುವ ಕುರ್ಚಿಯಲ್ಲಿ ಕೂತಿರುತ್ತಾಳೆ. ಸಭೆಗೆ ಬಂದಿದ್ದ ನಾವೆಲ್ಲರೂ ಅವಳ ಹಿಂದೆ ನಿಂತಿರುತ್ತೇವೆ. ರಸ್ತೆಗೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಬಸ್ಸು ಕಂಡಾಗ ಅಮ್ಮ ಎಂದಿನಂತೆ ಕೈ ಎತ್ತುತ್ತಾಳೆ. ಅವಳ ಮುಂದಿನಿಂದ ಬಸ್ಸು ಹಾಯಿಸಿಕೊಂಡು ಹೋಗು ಎಂದು ಡ್ವೇನ್‌ಗೆ ಆಜ್ಞೆ ಕೊಡುವವರು ನೀವು. ಕೊಡುವುದಾದರೆ ಅವತ್ತು ನೀವೂ ಅದೇ ಬಸ್ಸಿನಲ್ಲಿ, ಕಿಟಕಿಯ ಪಕ್ಕದಲ್ಲಿ ಕೂತು ಬನ್ನಿ.

ಇಂತಿ,
ಸರಿಯಾದ ಹೊತ್ತಿಗೇ ಬಂದು ಖಾಲಿ ಸಭಾಂಗಣ ನೋಡಿ ಮರಳಿದವರ ಪೈಕಿ ಒಬ್ಬಳು,
ರೊಸೀನಾ ಹಿಲ್ಟಿ
ಟೈಲ್‌ಮಿಲ್ ಕ್ರಾಸ್, ಇಂಡಿಯಾನಾ