ಚೋಂಗ್‌ಹೇ ಅಂದರೆ ಏನು

ಜೂನ್ 3, ಮಂಗಳವಾರ

ಕಾಫಿ ಸೋಸುವಾಗ ಮತ್ತೆ ಅದೇ ಪದ. ಚೋಂಗ್‌ಹೇ. ನಾನು ಮಾತು ಮುಗಿಸಿದ ಕೂಡಲೇ ಶ್ರೀಕರ ತನ್ನ ಹೆಂಡತಿಗೆ ಅದನ್ನು ಹೇಳುತ್ತಾನೆ, ಅವಳು ನನ್ನ ಕಡೆ ನೋಡುತ್ತಾಳೆ. ಸೊಸೆ ಯಾನ್ ಹಾಂಗ್‌ಕಾಂಗಿನವಳು. ಮಗ ಅಲ್ಲಿ ಯೋಗ ಕಲಿಸುತ್ತಿದ್ದಾಗ ಆದ ಮದುವೆ. ಈಗ ಬಸುರಿ. ಶ್ರೀರಂಗಪಟ್ಟಣಕ್ಕೆ ಬಂದು ತಿಂಗಳಾಯಿತು. ಅವರಿಬ್ಬರದು ಕ್ಯಾಂಟನೀಸ್ ಮಾತು...

ಕೇಳಿದೆ. "ಸುಸ್ತು ಅಂತ ಅಮ್ಮ," ಅಂದ. ಸುಸ್ತಾದವರು ನಗುತ್ತಾರೆಯೇ?

ಜೂನ್ 5

ಬಟ್ಟೆ ಮಡಿಸುವ ನೆಪದಲ್ಲಿ ಬಾಗಿಲ ಹತ್ತಿರ ನಿಂತೆ. ಯಾನ್ ಫೋನಿನಲ್ಲಿದ್ದಳು. ಆ ಪದ ಬರಲಿಲ್ಲ. ನನ್ನ ನೆರಳು ಕಂಡಿತೋ?

ವಾಂತಿ ನಿಂತಿಲ್ಲ, ಆದರೂ ನನಗಿಂತ ಮೊದಲೇ ಎದ್ದು ಅಡುಗೆಮನೆಯಲ್ಲಿ ಕೂರುತ್ತಾಳೆ. ಎಷ್ಟು ಹೊತ್ತು ಬೇಕಾದರೂ ಮಲಗು ಅಂದಿದ್ದೇನೆ. ಬೇಕಂತಲೇ ಉಲ್ಟಾ.

ಜೂನ್ 12

ಬೆಳಿಗ್ಗೆ ಯಾನ್ ಒಲೆಯ ಮುಂದೆಯೇ ಕುಸಿದಳು. ಶ್ರೀಕರ ಯೋಗದ ಕ್ಲಾಸಿಗೆ ಪಾಂಡವಪುರಕ್ಕೆ ಹೋಗಿದ್ದ. ಪಕ್ಕದ ಮನೆಯ ನರ್ಸ್ ರಂಜಿತ ಓಡಿ ಬಂದಳು. ಮಗುವಿಗೆ ಏನೂ ಆಗಿಲ್ಲವಂತೆ. ನನಗೆ ಬಾರದ ಇಂಗ್ಲಿಷಿನಲ್ಲಿ ಯಾನ್‌ಳನ್ನು ಕೇಳಿ ಕೇಳಿ ನನ್ನ ಕಡೆ ತಿರುಗಿದಳು.

"ಅತ್ತೆಗಿಂತ ಮೊದ್ಲೇ ಏಳ್ಬೇಕು, ಇಲ್ದಿದ್ರೆ ಬೈತಾರೆ ಅಂತ ಎದ್ರಿಕೆಯಂತೆ ಕಣಮ್ಮ."

"ಮಲಗು ಅಂತ ನಾನೇ ಹೇಳಿದೀನಲ್ಲೇ! ಶ್ರೀಕರನ ಎದುರಿಗೇ!"

ಹಾಗಾದರೆ ಶ್ರೀಕರ ಏನಂದ ಅಂತ ರಂಜಿತ ಅವಳನ್ನು ಕೇಳಿದಳು. ಯಾನ್ ಮೆಲ್ಲಗೆ ಅಂದಳು, ಚೋಂಗ್‌ಹೇ.

"ಉದ್ದ ಉಸಿರು ಅಂತೆ. ಕೊರೆಯೋರ್ಗೆ ಅಂಗಂತಾರಂತೆ. ನೀವೇನೇ ಯೋಳುದ್ರೂ ಶ್ರೀಕರಣ್ಣ ಅದೊಂದೇ ಯೋಳಾದಂತೆ..."

ಇಷ್ಟು ದಿನ ಅವಳ ಮೇಲೆ ಕಣ್ಣಿಟ್ಟಿದ್ದೆ.

ಜೂನ್ 13

ನನ್ನ ಮಾತನ್ನು ಅವಳಿಗೆ ಯಾಕೆ ಹೇಳಲಿಲ್ಲ ಅಂತ ಶ್ರೀಕರನನ್ನು ಕೇಳಿದೆ. "ಅಮ್ಮ, ನೀನು ಒಂದು ಮಾತಿಗೆ ಹತ್ತು ಕಥೆ ಸೇರಿಸ್ತೀಯ. ಎಲ್ಲಾ ಹೇಳಕ್ಕಾಗತ್ತಾ?" — ನಕ್ಕ. ಅವಳು ಬಿದ್ದದ್ದು ಯಾಕೆಂದು ಹೇಳಿದೆ. ಆಮೇಲೆ ನಗಲಿಲ್ಲ.

ನಿದ್ದೆ ಇಲ್ಲ. ಅವಳ ಮಾತೂ ನನಗೆ ಹೀಗೇ ಬಂತೇ? "ಚೆನ್ನಾಗಿದೆಯಂತೆ." "ಏನೂ ಬೇಡವಂತೆ." ಅಷ್ಟುದ್ದ ಮಾತಾಡಿದವಳು ಹೇಳಿದ್ದು ಅಷ್ಟೇನಾ?

ಜೂನ್ 15, ಭಾನುವಾರ ಸಂಜೆ

ಮಗ ಹೊರಗೆ ಹೋದ ಮೇಲೆ ರಂಜಿತಳನ್ನು ಕರೆಸಿದೆ. ನಡುವೆ ಕೂರಿಸಿಕೊಂಡು ಮಾತಾಡಿದೆವು. ಯಾನ್ ಕಣ್ಣೊರೆಸಿಕೊಂಡು ಏನೋ ಕೇಳಿದಳು. ರಂಜಿತ ತಡವರಿಸಿದಳು.

"ಎರಿಗೆ ಇಲ್ಲೇ ಆಗ್ಲಿ ಅಂತ ಬಂದ ದಿನಾನೇ ಕೇಳಿದ್ಲಂತೆ. ಯಾಕಮ್ಮ ಬ್ಯಾಡ ಅಂದ್ರಿ?"

ನಾನೇ? ನನ್ನನ್ನು ಯಾರು ಕೇಳಿದರು? ಅವಳಿಗೆ ಇಲ್ಲಿ ಹೆರಲು ಇಷ್ಟವಿಲ್ಲ, ಬಲವಂತ ಮಾಡಬೇಡ ಅಂತಲ್ಲವೇ ಶ್ರೀಕರ ನನಗೆ...

ಗೇಟಿನ ಸದ್ದು. ಬಂದ. ಯಾನ್ ನನಗಿಂತ ಮೊದಲೇ ಎದ್ದು ಬಾಗಿಲಿಗೆ ಅಡ್ಡ ನಿಂತಳು. ಈ ಸಲ ಹೆದರಿಕೆಯಿಂದಲ್ಲ.